ಮೈಕಿನ ಮುಂದೆ ಒಬ್ಬ, ಹಿಂದೆ ಮೂವರು

(ಶಿವಮೊಗ್ಗದಲ್ಲಿ ಸಂಗೀತಾಸಕ್ತ ಗೆಳೆಯರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಸಾಗರದಿಂದ, ತೀರ್ಥಹಳ್ಳಿಯಿಂದ, ಭದ್ರಾವತಿಯಿಂದ ಬಂದು ಕೂತಿದ್ದೀರಿ. ತುಂಬಾ ಖುಷಿಯಾಯಿತು. ರಾಕ್ ಬ್ಯಾಂಡಿನ ಲೀಡ್ ಸಿಂಗರ್ ಒಬ್ಬರ ಬದುಕಿನ ಬಗ್ಗೆ ಮಾತಾಡಿ, ಯಾರನ್ನು ಬೇಕಾದರೂ ಆರಿಸಿಕೊಳ್ಳಿ ಅಂತ ಗೆಳೆಯರು ಹೇಳಿದ್ದರು. ನಾನು ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಅವರನ್ನು ಆರಿಸಿಕೊಂಡೆ.

ಕಾರಣ ಇದೆ. ನಾನು ಹಾಡು ಕಲಿಸುವವನು. ನಮ್ಮ ಜಿಲ್ಲೆಯಲ್ಲಿ ಈಗ ಕಾಲೇಜಿಗೊಂದು ಬ್ಯಾಂಡ್ ಇದೆ. ಗಣಪತಿ ಪೆಂಡಾಲಿನ ರಸಮಂಜರಿಯಲ್ಲೂ ಎಲೆಕ್ಟ್ರಿಕ್ ಗಿಟಾರ್ ಕೇಳಿಸುತ್ತದೆ. ಹಾಡುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಫ್ರೆಡ್ಡಿಯ ವಿಡಿಯೋ ತೋರಿಸುತ್ತಾರೆ. ಮೇಲೆತ್ತಿದ ಮುಷ್ಟಿ, ಬಿಳಿ ಬನಿಯನ್ನು, ಮೀಸೆ, ಅರ್ಧ ಮುರಿದ ಮೈಕ್ ಸ್ಟ್ಯಾಂಡು. ಹೀಗೆ ನಿಲ್ಲುವುದು ಹೇಗೆ ಸಾರ್ ಅಂತ ಕೇಳುತ್ತಾರೆ. ನಿಲ್ಲುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಆ ವಿಡಿಯೋದಲ್ಲಿ ಫ್ರೆಡ್ಡಿಯ ಹಿಂದೆ ಇನ್ನೂ ಮೂರು ಜನ ಇದ್ದಾರೆ. ಅವರ ಹೆಸರು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅದೇ. ಆ ಮೂವರಿಲ್ಲದೆ ಈ ಹಾಡುಗಾರ ಅರ್ಥವಾಗುವುದಿಲ್ಲ.

ನಮಗೆ ಇದು ಸ್ವಲ್ಪ ಹೊಸ ವಿಷಯ. ನಮ್ಮದು ಸುಗಮ ಸಂಗೀತದ ಊರು. ಶಿವಮೊಗ್ಗ ಸುಬ್ಬಣ್ಣನವರು ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಹಾಡಿದರು. ಆ ಪದ್ಧತಿಯಲ್ಲಿ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ತಬಲಾ, ಹಾರ್ಮೋನಿಯಂ ಪಕ್ಕವಾದ್ಯ. ರಾಕ್ ಬ್ಯಾಂಡಿನಲ್ಲಿ ಪಕ್ಕವಾದ್ಯ ಅಂತ ಇಲ್ಲ. ನಾಲ್ಕು ಜನ ಸೇರಿ ಹಾಡು ಕಟ್ಟುತ್ತಾರೆ, ನಾಲ್ಕು ಜನ ಸೇರಿ ಜಗಳ ಆಡುತ್ತಾರೆ. ಇದನ್ನು ಮಲೆನಾಡಿನವರಿಗೆ ಹೇಳಬೇಕಾದರೆ ಯಕ್ಷಗಾನದ ಭಾಗವತರನ್ನು ನೆನಪಿಸಿಕೊಂಡರೆ ಸುಲಭ. ಕಾಳಿಂಗ ನಾವಡರ ಹೆಸರಿಗೆ ನಮ್ಮ ಊರುಗಳಲ್ಲಿ ಜನ ರಾತ್ರಿಯಿಡೀ ಕೂರುತ್ತಿದ್ದರು. ಆದರೆ ಮದ್ದಳೆ, ಚಂಡೆಯವರ ಜೊತೆ ಭಾಗವತರಿಗೆ ಹೊಂದಾಣಿಕೆ ಇಲ್ಲದಿದ್ದರೆ ಆಟ ಕಳೆಗಟ್ಟುವುದಿಲ್ಲ. ಫ್ರೆಡ್ಡಿ ಹಾಡುವ ಭಾಗವತರೂ ಹೌದು, ಕುಣಿಯುವ ವೇಷಧಾರಿಯೂ ಹೌದು. ಅಷ್ಟೇ ವ್ಯತ್ಯಾಸ.

ಈಗ ಬದುಕಿಗೆ ಬರೋಣ.

ಹುಟ್ಟಿದ ಹೆಸರು ಫಾರೂಖ್ ಬುಲ್ಸಾರಾ. 1946ರ ಸೆಪ್ಟೆಂಬರ್ 5, ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪ. ತಂದೆ ತಾಯಿ ಗುಜರಾತ್ ಮೂಲದ ಪಾರ್ಸಿಗಳು. ತಂದೆ ಬೋಮಿ ಅಲ್ಲಿ ಬ್ರಿಟಿಷ್ ಸರ್ಕಾರದ ಕೆಲಸದಲ್ಲಿದ್ದರು. ಎಂಟು ವರ್ಷದ ಮಗನನ್ನು ಹಡಗು ಹತ್ತಿಸಿ ಭಾರತದ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಮಹಾರಾಷ್ಟ್ರದ ಪಂಚಗನಿಯ ಸೇಂಟ್ ಪೀಟರ್ಸ್ ಶಾಲೆ. ಪಂಚಗನಿ ಅಂದರೆ ಇದೇ ಸಹ್ಯಾದ್ರಿ ಸಾಲು. ನಮ್ಮ ಆಗುಂಬೆ, ಕೊಡಚಾದ್ರಿಯ ಬೆಟ್ಟಗಳು ಹಾಗೇ ಉತ್ತರಕ್ಕೆ ಸಾಗಿ ಅಲ್ಲಿಗೆ ಮುಟ್ಟುತ್ತವೆ. ಅದೇ ಜಡಿಮಳೆ, ಅದೇ ಮಂಜು.

ಆ ಶಾಲೆಯಲ್ಲೇ ಹುಡುಗನಿಗೆ ಫ್ರೆಡ್ಡಿ ಅನ್ನೋ ಹೆಸರು ಬಿತ್ತು. ಅಲ್ಲೇ ಪಿಯಾನೋ ಪಾಠ ಶುರುವಾಯಿತು. ಸಂಗೀತದಲ್ಲಿ ಆಸಕ್ತಿ ಇದೆ, ಸ್ವಲ್ಪ ಜಾಸ್ತಿ ಫೀಸು ಕಟ್ಟಿದರೆ ಚೆನ್ನಾಗಿ ಕಲಿಸಬಹುದು ಅಂತ ಶಾಲೆಯ ಮುಖ್ಯಸ್ಥರು ಮನೆಗೆ ಬರೆದರು. ತಂದೆ ತಾಯಿ ಒಪ್ಪಿದರು. ಪಿಯಾನೋದಲ್ಲಿ ನಾಲ್ಕನೇ ಗ್ರೇಡಿನವರೆಗೆ ಪರೀಕ್ಷೆ ಪಾಸು ಮಾಡಿದ. ಶಾಲೆಯ ಸಮೂಹ ಗಾಯನ ತಂಡ, ಅಂದರೆ ಕಾಯಿರ್‌ನಲ್ಲಿ ಹಾಡಿದ. 1958ರಲ್ಲಿ ಗೆಳೆಯರ ಜೊತೆ ಸೇರಿ ಹೆಕ್ಟಿಕ್ಸ್ ಅಂತ ಒಂದು ಬ್ಯಾಂಡ್ ಕಟ್ಟಿದ. ಹಾಡು ಕಲಿಯುವ ಹುಡುಗರು ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಬ್ಯಾಂಡಿನಲ್ಲಿ ಲೀಡ್ ಸಿಂಗರ್ ಬೇರೆ ಹುಡುಗ. ಫ್ರೆಡ್ಡಿ ಹಿಂದೆ ಕೂತು ಪಿಯಾನೋ ನುಡಿಸುತ್ತಿದ್ದ. ಮುಂದೆ ನಿಲ್ಲುವ ಮೊದಲು ಹಿಂದೆ ಕೂತು ಉಳಿದವರನ್ನು ಕೇಳುವ ಅಭ್ಯಾಸ ಆ ಹುಡುಗನಿಗೆ ಆಗಿತ್ತು. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

ಪಂಚಗನಿಯ ಶಾಲೆ ಬಿಟ್ಟು ಜಾಂಜಿಬಾರ್‌ಗೆ ವಾಪಸ್ ಹೋದ ಸ್ವಲ್ಪ ಕಾಲಕ್ಕೇ ಅಲ್ಲಿ ಕ್ರಾಂತಿ ಆಯಿತು. 1964ರ ಜನವರಿ. ಅರಬರು, ಭಾರತೀಯರು ಸಾವಿರಾರು ಜನ ಸತ್ತರು. ಬುಲ್ಸಾರಾ ಕುಟುಂಬ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಇಂಗ್ಲೆಂಡಿಗೆ ಹೋಯಿತು. ಲಂಡನ್ ಪಕ್ಕದ ಫೆಲ್ತಮ್‌ನಲ್ಲಿ ಒಂದು ಸಣ್ಣ ಮನೆ. ಫ್ರೆಡ್ಡಿಗೆ ಆಗ ಹದಿನೇಳು ವರ್ಷ.

ಈಲಿಂಗ್ ಆರ್ಟ್ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿದರು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತರು. ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆಯ ಅಂಗಡಿ ಹಾಕಿದರು. ಅಂಗಡಿಯಲ್ಲಿ ಪಾಲುದಾರ ರೋಜರ್ ಟೇಲರ್. ಇವರು ದಂತವೈದ್ಯಕೀಯ ಓದಲು ಲಂಡನ್ನಿಗೆ ಬಂದು ಡ್ರಮ್ಸ್ ಹಿಡಿದವರು. ರೋಜರ್ ಮತ್ತು ಬ್ರಿಯಾನ್ ಮೇ ಸೇರಿ ಸ್ಮೈಲ್ ಅನ್ನೋ ಬ್ಯಾಂಡ್ ನಡೆಸುತ್ತಿದ್ದರು. ಬ್ರಿಯಾನ್ ಭೌತಶಾಸ್ತ್ರದ ವಿದ್ಯಾರ್ಥಿ. ಅಪ್ಪನ ಜೊತೆ ಕೂತು ಮನೆಯಲ್ಲೇ ಗಿಟಾರ್ ಮಾಡಿಕೊಂಡವರು. ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಅದರ ಕುತ್ತಿಗೆ ಕಡೆದರು. ಆ ಗಿಟಾರನ್ನೇ ಇವತ್ತಿಗೂ ನುಡಿಸುತ್ತಾರೆ. ಸ್ಮೈಲ್‌ನ ಹಾಡುಗಾರ ಟಿಮ್ ಸ್ಟಾಫೆಲ್ ಈಲಿಂಗ್‌ನಲ್ಲಿ ಫ್ರೆಡ್ಡಿಯ ಸಹಪಾಠಿ. ಫ್ರೆಡ್ಡಿ ಆ ಬ್ಯಾಂಡಿನ ಕಾರ್ಯಕ್ರಮಗಳಿಗೆ ಹೋಗಿ ಹೀಗೆ ಮಾಡಿ, ಹಾಗೆ ಮಾಡಿ ಅಂತ ಸಲಹೆ ಕೊಡುತ್ತಿದ್ದರು. 1970ರಲ್ಲಿ ಟಿಮ್ ಬಿಟ್ಟು ಹೋದರು. ಆ ಜಾಗಕ್ಕೆ ಫ್ರೆಡ್ಡಿ ಬಂದರು. ಬ್ಯಾಂಡಿಗೆ ಕ್ವೀನ್ ಅಂತ ಹೆಸರಿಟ್ಟರು. ತಮ್ಮ ಹೆಸರನ್ನೂ ಮರ್ಕ್ಯುರಿ ಅಂತ ಬದಲಾಯಿಸಿಕೊಂಡರು. 1971ರಲ್ಲಿ ಬೇಸ್ ಗಿಟಾರ್‌ಗೆ ಜಾನ್ ಡೀಕನ್ ಸಿಕ್ಕರು. ಎಲೆಕ್ಟ್ರಾನಿಕ್ಸ್ ಓದಿದ, ಮಾತು ಕಡಿಮೆಯ ಹುಡುಗ. ಅಲ್ಲಿಂದ ಫ್ರೆಡ್ಡಿ ಸಾಯುವವರೆಗೆ ಇಪ್ಪತ್ತು ವರ್ಷ ಈ ನಾಲ್ಕು ಜನ ಬದಲಾಗಲೇ ಇಲ್ಲ. ರಾಕ್ ಲೋಕದಲ್ಲಿ ಇದು ಅಪರೂಪ.

ಬ್ಯಾಂಡಿನ ಲಾಂಛನ ಬರೆದವರೂ ಫ್ರೆಡ್ಡಿಯೇ. ನಾಲ್ವರ ರಾಶಿಗಳನ್ನೂ ಅದರಲ್ಲಿ ಸೇರಿಸಿದರು. ಜಾನ್ ಮತ್ತು ರೋಜರ್ ಸಿಂಹ ರಾಶಿ, ಅದಕ್ಕೆ ಎರಡು ಸಿಂಹ. ಬ್ರಿಯಾನ್ ಕರ್ಕಾಟಕ, ಅದಕ್ಕೆ ಏಡಿ. ತಮ್ಮ ಕನ್ಯಾ ರಾಶಿಗೆ ಇಬ್ಬರು ಕಿನ್ನರಿಯರು. ಆಗಿನ್ನೂ ಇವರ ಒಂದು ರೆಕಾರ್ಡೂ ಬಂದಿರಲಿಲ್ಲ.

ಮೊದಲ ಆಲ್ಬಂ ಬಂದಿದ್ದು 1973ರಲ್ಲಿ. ಸ್ಟುಡಿಯೋ ಖಾಲಿ ಇರುವ ಹೊತ್ತಿನಲ್ಲಿ, ಮುಖ್ಯವಾಗಿ ರಾತ್ರಿ ಹೊತ್ತು, ಇವರಿಗೆ ಜಾಗ ಕೊಡುತ್ತಿದ್ದರು. 1974ರಲ್ಲಿ ಕಿಲ್ಲರ್ ಕ್ವೀನ್ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಆದರೂ ಕೈಯಲ್ಲಿ ಕಾಸಿರಲಿಲ್ಲ. ಇದೆಲ್ಲ ಬೇಗ ದಾಟಿ ಹೋಗುತ್ತಿದ್ದೇನೆ. ಯಾಕೆಂದರೆ 1975ರ ಹಾಡಿನ ಹತ್ತಿರ ಸ್ವಲ್ಪ ನಿಧಾನವಾಗಿ ಕೂರಬೇಕು.

ಬೊಹೀಮಿಯನ್ ರಾಪ್ಸಡಿ. ಐದು ನಿಮಿಷ ಐವತ್ತೈದು ಸೆಕೆಂಡ್. ಪಲ್ಲವಿ ಅಂತ ಇಲ್ಲ. ಮೊದಲು ಬರೀ ದನಿಗಳು, ಆಮೇಲೆ ಪಿಯಾನೋ ಜೊತೆ ನಿಧಾನದ ಹಾಡು, ಆಮೇಲೆ ಒಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಧಾಟಿ, ಆಮೇಲೆ ಗಟ್ಟಿ ರಾಕ್, ಕೊನೆಗೆ ಮತ್ತೆ ತಣ್ಣಗೆ. ಇದರ ರೂಪ ಪೂರ್ತಿಯಾಗಿ ಇದ್ದಿದ್ದು ಫ್ರೆಡ್ಡಿಯ ತಲೆಯಲ್ಲಿ ಮಾತ್ರ. ಸ್ವರಗಳನ್ನು ಚೂರು ಕಾಗದಗಳ ಮೇಲೆ ಎ, ಬಿ, ಸಿ ಅಂತ ಅಕ್ಷರಗಳಲ್ಲಿ ಬರೆದುಕೊಂಡಿದ್ದರು. ವೇಲ್ಸ್‌ನ ಒಂದು ತೋಟದ ಮನೆಯಲ್ಲಿದ್ದ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಆಗಸ್ಟ್ ತಿಂಗಳಲ್ಲಿ ಕೆಲಸ ಶುರುವಾಯಿತು. ಪಿಯಾನೋ, ಬೇಸ್, ಡ್ರಮ್ಸ್ ಮೊದಲು ರೆಕಾರ್ಡ್ ಮಾಡಿದರು. ಮಧ್ಯೆ ಒಪೆರಾ ಬರುವ ಜಾಗವನ್ನು ಖಾಲಿ ಬಿಟ್ಟರು.

ಆ ಖಾಲಿ ಜಾಗ ತುಂಬಿಸಲು ಮೂರು ವಾರ ಹಿಡಿಯಿತು. ಹಾಡಿದವರು ಮೂರೇ ಜನ. ಕೆಳಗಿನ ಸ್ವರ ಬ್ರಿಯಾನ್, ನಡುವಿನದು ಫ್ರೆಡ್ಡಿ, ಎಲ್ಲಕ್ಕಿಂತ ಮೇಲಿನದು ರೋಜರ್. ಹೌದು, ಆ ಹಾಡಿನಲ್ಲಿ ಆಕಾಶ ಮುಟ್ಟುವ ದನಿ ಫ್ರೆಡ್ಡಿಯದಲ್ಲ, ಡ್ರಮ್ಸ್ ಬಾರಿಸುವ ರೋಜರ್ ಅವರದು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಡುತ್ತಿದ್ದರು.

ಆಗ ಕಂಪ್ಯೂಟರ್ ಇಲ್ಲ. ಟೇಪಿನಲ್ಲಿ ಇಪ್ಪತ್ನಾಲ್ಕು ಟ್ರ್ಯಾಕ್ ಮಾತ್ರ. ಮೂವರು ಒಂದು ಸ್ವರವನ್ನು ಒಟ್ಟಿಗೆ ಹಾಡುತ್ತಾರೆ. ಅದರ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಟ್ರ್ಯಾಕ್‌ಗಳು ತುಂಬಿದಾಗ ಅವನ್ನೆಲ್ಲ ಬೆರೆಸಿ ಒಂದೆರಡು ಟ್ರ್ಯಾಕಿಗೆ ಇಳಿಸುತ್ತಾರೆ. ಉಳಿದ ಜಾಗ ಖಾಲಿಯಾಗುತ್ತದೆ. ಮತ್ತೆ ಹಾಡುತ್ತಾರೆ. ಹೀಗೆ ಸುಮಾರು 180 ಸಲ ದನಿಯ ಮೇಲೆ ದನಿ ಕೂಡಿಸಿದರು. ಪ್ರತಿ ಸಲ ಟೇಪು ಯಂತ್ರದ ತಲೆಗೆ ಉಜ್ಜಿಕೊಂಡು ಹೋಗುತ್ತದಲ್ಲ, ಅದರ ಮೇಲಿನ ಕಂದು ಲೇಪ ಸವೆಯುತ್ತಾ ಬಂತು. ಕೊನೆಗೆ ಟೇಪನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ಆ ಭಾಗದಲ್ಲಿ ಗೆಲಿಲಿಯೋ ಅನ್ನೋ ಪದ ಮತ್ತೆ ಮತ್ತೆ ಬರುತ್ತದೆ. ಅಷ್ಟಾದರೂ ಫ್ರೆಡ್ಡಿ ಇಲ್ಲಿ ಇನ್ನೊಂದೆರಡು ಗೆಲಿಲಿಯೋ ಸೇರಿಸೋಣ ಅನ್ನುತ್ತಿದ್ದರು. ನಿರ್ಮಾಪಕ ರಾಯ್ ಥಾಮಸ್ ಬೇಕರ್ ಇನ್ನೊಂದು ತುಂಡು ಟೇಪು ಅಂಟಿಸುತ್ತಿದ್ದರು.

ಇಷ್ಟು ಉದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲ ಅಂತ ರೆಕಾರ್ಡ್ ಕಂಪನಿಯವರು ಹೇಳಿದರು. ಕೆನ್ನಿ ಎವರೆಟ್ ಅನ್ನೋ ರೇಡಿಯೋ ನಿರೂಪಕರಿಗೆ ಒಂದು ಪ್ರತಿ ಸಿಕ್ಕಿತ್ತು. ಅವರು ಒಂದೇ ವಾರಾಂತ್ಯದಲ್ಲಿ ಅದನ್ನು ಹದಿನಾಲ್ಕು ಸಲ ಹಾಕಿಬಿಟ್ಟರು. ಅಕ್ಟೋಬರ್ 31ಕ್ಕೆ ಹಾಡು ಬಿಡುಗಡೆಯಾಯಿತು. ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಇಲ್ಲೊಂದು ದುಡ್ಡಿನ ಕಥೆ ಹೇಳಲೇಬೇಕು. ಆ ರೆಕಾರ್ಡಿನ ಹಿಂಬದಿಗೆ ರೋಜರ್ ಬರೆದ ಒಂದು ಹಾಡು ಹಾಕಿದ್ದರು. ರೆಕಾರ್ಡ್ ಮಾರಾಟದಲ್ಲಿ ಹಿಂಬದಿಯ ಹಾಡಿಗೂ ಮುಂಬದಿಯಷ್ಟೇ ಪಾಲು. ಫ್ರೆಡ್ಡಿಗೆ ಬಂದಷ್ಟೇ ದುಡ್ಡು ರೋಜರ್‌ಗೂ ಬಂತು. ಇದರ ಬಗ್ಗೆ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಅಸಮಾಧಾನ ಇತ್ತು. ಬ್ಯಾಂಡುಗಳು ಒಡೆಯುವುದು ಇಂಥ ವಿಷಯಕ್ಕೇ ಅಲ್ವಾ? ಹಾಡು ಯಾರದು, ಪಾಲು ಯಾರಿಗೆ. ಇವರು ಅದನ್ನು ಬಗೆಹರಿಸಿಕೊಂಡಿದ್ದು ತಡವಾಗಿ. 1989ರ ಆಲ್ಬಂನಿಂದ ಎಲ್ಲ ಹಾಡುಗಳಿಗೂ ಬರೆದವರು ಕ್ವೀನ್ ಅಂತ ಮಾತ್ರ ಹಾಕಿದರು. ಹೆಸರೂ ಸಮ, ದುಡ್ಡೂ ಸಮ. ನಮ್ಮ ಹುಡುಗರ ಬ್ಯಾಂಡುಗಳು ಇದನ್ನು ಮೊದಲ ದಿನವೇ ಕೂತು ಮಾತಾಡಿಕೊಳ್ಳಬೇಕು ಅಂತ ನಾನು ಯಾವಾಗಲೂ ಹೇಳುತ್ತೇನೆ.

ಫ್ರೆಡ್ಡಿ ಒಬ್ಬರೇ ಎಲ್ಲ ಬರೆದರು ಅಂತ ತುಂಬಾ ಜನ ತಿಳಿದಿದ್ದಾರೆ. 1981ರಲ್ಲಿ ಇವರ ಗ್ರೇಟೆಸ್ಟ್ ಹಿಟ್ಸ್ ಅನ್ನೋ ಸಂಗ್ರಹ ಬಂತು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇವತ್ತಿಗೂ ಅದೇ. ಬ್ರಿಟನ್ನಿನ ಆ ಆವೃತ್ತಿಯಲ್ಲಿ ಹದಿನೇಳು ಹಾಡು. ಹತ್ತು ಫ್ರೆಡ್ಡಿಯವು, ಐದು ಬ್ರಿಯಾನ್ ಅವರವು, ಎರಡು ಜಾನ್ ಅವರವು. ಅಮೆರಿಕದಲ್ಲಿ ಇವರಿಗೆ ದೊಡ್ಡ ಗೆಲುವು ತಂದ ಅನದರ್ ಒನ್ ಬೈಟ್ಸ್ ದ ಡಸ್ಟ್ ಬರೆದವರು ಮಾತೇ ಆಡದ ಜಾನ್. ಆಮೇಲೆ 1984ರಲ್ಲಿ ಬಂದ ರೇಡಿಯೋ ಗಾಗಾ ರೋಜರ್ ಅವರದು. ನಾಲ್ವರೂ ಗೆದ್ದ ಹಾಡು ಬರೆದ ಬ್ಯಾಂಡು ಇದು. ಬೇರೆಯವರು ಬರೆದಿದ್ದನ್ನು ತಮ್ಮದೇ ಮಾತು ಅನ್ನೋ ಹಾಗೆ ಹಾಡುವುದು ಫ್ರೆಡ್ಡಿಯ ದೊಡ್ಡ ಶಕ್ತಿ. ಇದಕ್ಕೆ ತುಂಬಾ ವಿನಯ ಬೇಕು. ವೇದಿಕೆ ಮೇಲೆ ಕಿರೀಟ ಹಾಕಿಕೊಂಡು ಬರುತ್ತಿದ್ದ ಮನುಷ್ಯನ ಬಗ್ಗೆ ಈ ಮಾತು ಹೇಳುತ್ತಿದ್ದೇನೆ, ಯೋಚನೆ ಮಾಡಿಯೇ ಹೇಳುತ್ತಿದ್ದೇನೆ.

ಆ ದನಿಯ ಬಗ್ಗೆ ಒಂದೆರಡು ಮಾತು. ಫ್ರೆಡ್ಡಿಗೆ ನಾಲ್ಕು ಸಪ್ತಕದ ದನಿ ಇತ್ತು ಅಂತ ಎಲ್ಲ ಕಡೆ ಬರೆಯುತ್ತಾರೆ. 2016ರಲ್ಲಿ ಯುರೋಪಿನ ಕೆಲವು ಧ್ವನಿ ವಿಜ್ಞಾನಿಗಳು ಸಂದರ್ಶನಗಳನ್ನೂ ಹಾಡುಗಳನ್ನೂ ಅಳೆದು ನೋಡಿದರು. ನಾಲ್ಕು ಸಪ್ತಕದ ಮಾತನ್ನು ಖಚಿತಪಡಿಸಲು ಆಗಲಿಲ್ಲ. ಅವರು ಕಂಡುಕೊಂಡಿದ್ದು ಇನ್ನೂ ಚೆನ್ನಾಗಿದೆ. ಮಾತಾಡುವಾಗ ಅವರದು ತಗ್ಗಿನ ದನಿ, ಬ್ಯಾರಿಟೋನ್. ಹಾಡಿದ್ದು ಮಾತ್ರ ಮೇಲಿನ ಟೆನರ್ ಜಾಗದಲ್ಲಿ. ದನಿಯಲ್ಲಿ ಬರುವ ಕಂಪನ ಉಳಿದ ಹಾಡುಗಾರರಿಗಿಂತ ವೇಗ, ಸ್ವಲ್ಪ ಅಂಕುಡೊಂಕು. ಗಂಟಲು ಗಡುಸು ಮಾಡಿ ಹಾಡುವಾಗ ಏನಾಗುತ್ತದೆ ಅಂತ ನೋಡಲು ಇನ್ನೊಬ್ಬ ಹಾಡುಗಾರನಿಂದ ಹಾಗೇ ಹಾಡಿಸಿ, ಅತಿ ವೇಗದ ಕ್ಯಾಮೆರಾದಲ್ಲಿ ಗಂಟಲನ್ನು ಚಿತ್ರೀಕರಿಸಿದರು. ಧ್ವನಿ ತಂತುಗಳ ಜೊತೆ ಅವುಗಳ ಮೇಲಿರುವ ಮಡಿಕೆಗಳೂ ನಡುಗುತ್ತಿದ್ದವು. ಮಾಮೂಲಿ ಹಾಡಿನಲ್ಲಿ ಅವು ಸುಮ್ನೆ ಇರುತ್ತವೆ.

ಇದನ್ನು ಕೇಳಿ ಮನೆಗೆ ಹೋಗಿ ಗಂಟಲು ಹರಿದುಕೊಳ್ಳಬೇಡಿ. ಫ್ರೆಡ್ಡಿಯ ಧ್ವನಿ ತಂತುಗಳಲ್ಲಿ ಗಂಟುಗಳಾಗಿದ್ದವು. ವರ್ಷಗಟ್ಟಲೆ ಕಾಡಿದವು. 1975ರ ಅಮೆರಿಕ ಪ್ರವಾಸದಲ್ಲಿ ಇದೇ ಕಾರಣಕ್ಕೆ ಕಾರ್ಯಕ್ರಮಗಳು ರದ್ದಾದವು. ವೇದಿಕೆಯಲ್ಲಿ ತುಂಬಾ ಕಡೆ ಮೇಲಿನ ಸ್ವರವನ್ನು ಬಿಟ್ಟು ಕೆಳಗಿನದನ್ನು ಹಾಡುತ್ತಿದ್ದರು. ಆ ಮೇಲಿನದನ್ನು ರೋಜರ್ ಹಿಡಿಯುತ್ತಿದ್ದರು. ನೋಡಿ, ಮತ್ತೆ ಹಿಂದಿನವರೇ.

ಜನರ ಜೊತೆ ಹಾಡುವ ವಿಷಯಕ್ಕೆ ಬರುತ್ತೇನೆ. 1977ರಲ್ಲಿ ಸ್ಟಾಫರ್ಡ್ ಊರಿನ ಬಿಂಗ್ಲೀ ಹಾಲ್‌ನಲ್ಲಿ ಕಾರ್ಯಕ್ರಮ ಮುಗಿಯಿತು. ಜನ ಹೋಗಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹಾಡುವ ಹಾಡೊಂದನ್ನು ಎಲ್ಲರೂ ಸೇರಿ ಬ್ಯಾಂಡಿಗೇ ಹಾಡಿ ತೋರಿಸಿದರು. ಒತ್ತಿಕೊಂಡು ನಿಂತ ಜನ ಏನು ಮಾಡಬಹುದು ಅಂತ ಬ್ರಿಯಾನ್ ಯೋಚನೆ ಮಾಡಿದರು. ಕಾಲು ನೆಲಕ್ಕೆ ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಅದರಿಂದ ವಿ ವಿಲ್ ರಾಕ್ ಯೂ ಹುಟ್ಟಿತು. ಎರಡು ಸಲ ಕಾಲು, ಒಂದು ಚಪ್ಪಾಳೆ. ಅದರಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. ಸ್ಟುಡಿಯೋದಲ್ಲಿ ಹಲಗೆಗಳ ಮೇಲೆ ಕಾಲು ಬಡಿದು ಹಿಡಿದುಕೊಂಡರು. ಬ್ರಿಯಾನ್ ಭೌತಶಾಸ್ತ್ರದವರು ಅಂದೆನಲ್ಲ. ಒಂದೊಂದು ಬಡಿತವನ್ನೂ ಬೇರೆ ಬೇರೆ ತಡದಲ್ಲಿ ಮತ್ತೆ ಕೇಳಿಸಿದರು. ಆ ತಡಗಳ ಲೆಕ್ಕಕ್ಕೆ ಅವಿಭಾಜ್ಯ ಸಂಖ್ಯೆಗಳನ್ನು ಹಿಡಿದರು. ಹಾಗಾಗಿ ಎಲ್ಲೂ ಪ್ರತಿಧ್ವನಿ ಅನ್ನಿಸುವುದಿಲ್ಲ. ನಮ್ಮ ಸುತ್ತ ಸಾವಿರಾರು ಜನ ನಿಂತು ಬಡಿಯುತ್ತಿದ್ದಾರೆ ಅನ್ನಿಸುತ್ತದೆ. ಚರಣಗಳಲ್ಲಿ ಆ ಕಾಲುಗಳ ಮೇಲೆ ಫ್ರೆಡ್ಡಿಯ ದನಿ ಒಂದೇ. ಗಿಟಾರ್ ಬರುವುದು ಕೊನೆಗೆ. ಅದೇ ರೆಕಾರ್ಡಿನ ಇನ್ನೊಂದು ಬದಿಗೆ ಫ್ರೆಡ್ಡಿ ವಿ ಆರ್ ದ ಚಾಂಪಿಯನ್ಸ್ ಬರೆದರು. ನಮ್ಮ ಊರಿನ ಕ್ರೀಡಾಕೂಟಗಳಲ್ಲೂ ಅದು ಮೊಳಗುತ್ತದೆ.

1986ರ ಜುಲೈ 27ರಂದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹಾಡಿದರು. ಆಗ ಅದು ಕಮ್ಯುನಿಸ್ಟ್ ದೇಶ. ಪಶ್ಚಿಮದ ಬ್ಯಾಂಡುಗಳು ಹೋಗುತ್ತಿದ್ದುದೇ ಅಪರೂಪ. ಅಲ್ಲಿ ಫ್ರೆಡ್ಡಿ ಒಂದು ಹಂಗೇರಿಯನ್ ಜನಪದ ಹಾಡು ಹಾಡಿದರು. ವಸಂತದ ಗಾಳಿಯ ಮೇಲಿನ ಹಾಡು. ಸಾಹಿತ್ಯವನ್ನು ಅಂಗೈ ಮೇಲೆ ಬರೆದುಕೊಂಡಿದ್ದರು. ವಿಡಿಯೋದಲ್ಲಿ ಕಾಣುತ್ತದೆ. ಅಂಗೈ ನೋಡಿಕೊಂಡೇ ಹಾಡುತ್ತಾರೆ, ಮುಚ್ಚಿಡುವುದಿಲ್ಲ. ಮೊದಲ ಸಾಲು ಕೇಳಿದ ಕೂಡಲೇ ಇಡೀ ಕ್ರೀಡಾಂಗಣ ಜೊತೆಗೆ ಹಾಡುತ್ತದೆ. ಅವರು ಹಾಡಿದ ಸಾವಿರ ವಿಡಿಯೋಗಳಲ್ಲಿ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಎಲ್ಲ ಸರಿ ಮಾಡಿದರು ಅಂತ ಹೇಳುವುದಿಲ್ಲ. 1984ರಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ಹಾಡಿದರು. ವರ್ಣಭೇದ ನೀತಿಯ ಕಾರಣಕ್ಕೆ ಕಲಾವಿದರು ಆ ದೇಶವನ್ನು ಬಹಿಷ್ಕರಿಸಿದ್ದ ಕಾಲ ಅದು. ಬ್ರಿಟನ್ನಿನ ಸಂಗೀತಗಾರರ ಸಂಘ ಇವರಿಗೆ ದಂಡ ಹಾಕಿತು. ನಮಗೆ ರಾಜಕೀಯ ಬೇಡ, ಸಂಗೀತ ಸಾಕು ಅನ್ನೋ ಅರ್ಥದಲ್ಲಿ ಬ್ಯಾಂಡು ಸಮರ್ಥಿಸಿಕೊಂಡಿತು. ಆ ಸಮರ್ಥನೆ ನನಗೆ ಒಪ್ಪಿಗೆಯಿಲ್ಲ. ಆಫ್ರಿಕಾದಲ್ಲೇ ಹುಟ್ಟಿ, ಮನೆ ಬಿಟ್ಟು ಓಡಿ ಬಂದ ಕುಟುಂಬದವರು ಇದನ್ನು ಯೋಚಿಸಬೇಕಿತ್ತು.

ಮರುವರ್ಷ ಲೈವ್ ಏಡ್. 1985ರ ಜುಲೈ 13. ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಸೇರಿಸಲು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಕಾರ್ಯಕ್ರಮ. ಸುಮಾರು 72,000 ಜನ. ಇದನ್ನು ತೋರಿಸುವ, 2018ರಲ್ಲಿ ಬಂದ ಬೊಹೀಮಿಯನ್ ರಾಪ್ಸಡಿ ಅನ್ನೋ ಸಿನಿಮಾವನ್ನು ನೀವೆಲ್ಲ ನೋಡಿದ್ದೀರಿ. ಸಿನಿಮಾದಲ್ಲಿ ಫ್ರೆಡ್ಡಿ ಸ್ವಂತ ಆಲ್ಬಂ ಮಾಡಲು ಹೊರಟು ಬ್ಯಾಂಡು ಒಡೆದು ಹೋಗಿರುತ್ತದೆ, ಫ್ರೆಡ್ಡಿ ತಮಗೆ ಏಡ್ಸ್ ಇದೆ ಅಂತ ಹೇಳುತ್ತಾರೆ, ಆಮೇಲೆ ಎಲ್ಲರೂ ಒಂದಾಗಿ ಹಾಡುತ್ತಾರೆ. ನಡೆದಿದ್ದು ಹಾಗಲ್ಲ. ಬ್ಯಾಂಡು ಒಡೆದಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಜಪಾನ್ ಪ್ರವಾಸ ಮುಗಿಸಿತ್ತು. ಸ್ವಂತ ಆಲ್ಬಂ ಮೊದಲು ಮಾಡಿದವರು ರೋಜರ್, ಫ್ರೆಡ್ಡಿ ಅಲ್ಲ. ರೋಗ ಪತ್ತೆಯಾಗಿದ್ದು 1987ರಲ್ಲಿ. ಮನಸ್ಸು ಹಿಂಡುವ ಕಥೆ ಬೇಕು ಅಂತ ಸಿನಿಮಾದವರು ಹಿಂದು ಮುಂದು ಮಾಡಿದರು. ಅದರಿಂದ ಆ ದಿನ ಇವರು ಅಷ್ಟು ಚೆನ್ನಾಗಿ ಹಾಡಿದ್ದಕ್ಕೆ ನಿಜವಾದ ಕಾರಣ ಮರೆಯಾಯಿತು ಅನ್ನೋದು ನನ್ನ ಬೇಸರ.

ನಿಜವಾದ ಕಾರಣ ಅಭ್ಯಾಸ. ಎಲ್ಲ ಬ್ಯಾಂಡಿಗೂ ಇಪ್ಪತ್ತು ನಿಮಿಷದ ಆಸುಪಾಸು ಸಮಯ. ಕ್ವೀನ್‌ನವರು ಲಂಡನ್ನಿನ ಶಾ ಥಿಯೇಟರ್ ಹಿಡಿದು, ಗಡಿಯಾರ ಮುಂದಿಟ್ಟುಕೊಂಡು ದಿನಗಟ್ಟಲೆ ತಾಲೀಮು ಮಾಡಿದರು. ಹೊಸ ಹಾಡಿನ ಪ್ರಚಾರ ಬೇಡ, ಜನರಿಗೆ ಗೊತ್ತಿರುವುದನ್ನೇ ಹಾಡೋಣ ಅಂತ ನಿರ್ಧಾರ ಮಾಡಿದರು. ಉದ್ದದ ಹಾಡುಗಳನ್ನು ಕತ್ತರಿಸಿದರು. ಸಂಜೆ ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ, ಬಿಸಿಲಿನಲ್ಲೇ ವೇದಿಕೆಗೆ ಬಂದರು. ಬಣ್ಣದ ದೀಪ ಇಲ್ಲ, ಹೊಗೆ ಇಲ್ಲ. ಪಿಯಾನೋ ಮೇಲೆ ಪೆಪ್ಸಿಯ ಕಾಗದದ ಲೋಟಗಳು ಹಾಗೇ ಇದ್ದವು. ರೇಡಿಯೋ ಗಾಗಾ ಬಂದಾಗ ಮೈದಾನದ ಅಷ್ಟೂ ಕೈ ಒಂದೇ ತಾಳಕ್ಕೆ ಮೇಲೆದ್ದವು. ಹಾಡುಗಳ ನಡುವೆ ಫ್ರೆಡ್ಡಿ ವಾದ್ಯವಿಲ್ಲದೆ ಒಂದು ಸ್ವರ ಹಾಡಿ ಜನರಿಗೆ ಕೊಟ್ಟರು. ಜನ ವಾಪಸ್ ಹಾಡಿದರು. ಇನ್ನೂ ಕಷ್ಟದ್ದು ಕೊಟ್ಟರು. ಅದನ್ನೂ ಹಾಡಿದರು. 21 ನಿಮಿಷಕ್ಕೆ ಮುಗಿಸಿ ಇಳಿದರು.

ಕೊನೆಯ ವರ್ಷಗಳನ್ನು ಹೇಳುವಾಗ ನನಗೆ ಇವತ್ತಿಗೂ ಕಷ್ಟವಾಗುತ್ತದೆ. 1986ರ ಆಗಸ್ಟ್ 9ರ ನೆಬ್‌ವರ್ತ್ ಕಾರ್ಯಕ್ರಮದ ನಂತರ ಈ ನಾಲ್ವರು ಒಟ್ಟಿಗೆ ಪ್ರವಾಸ ಮಾಡಲಿಲ್ಲ. ರೋಗ ಗೊತ್ತಾದ ಮೇಲೆ ಫ್ರೆಡ್ಡಿ ಕೆಲಸ ಜಾಸ್ತಿ ಮಾಡಿದರು. ಒಪೆರಾ ಗಾಯಕಿ ಮೊನ್ಸೆರಾಟ್ ಕಬಾಯೆ ಜೊತೆ 1988ರಲ್ಲಿ ಬಾರ್ಸಿಲೋನಾ ಆಲ್ಬಂ ತಂದರು. ಬ್ಯಾಂಡಿನ ಮೂವರಿಗೆ ರೋಗದ ವಿಷಯ ಹೇಳಿದರು. ಅವರು ಹೊರಗೆ ಬಾಯಿ ಬಿಡಲಿಲ್ಲ. ಪತ್ರಿಕೆಗಳು ಮನೆ ಬಾಗಿಲಲ್ಲಿ ಕಾದು ಕೂತಿದ್ದರೂ ಬಿಡಲಿಲ್ಲ. ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರಿನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದರು. ದ ಶೋ ಮಸ್ಟ್ ಗೋ ಆನ್ ಹಾಡನ್ನು ಹೆಚ್ಚಾಗಿ ಬರೆದವರು ಬ್ರಿಯಾನ್. ಅದರ ಮೇಲಿನ ಸ್ವರಗಳನ್ನು ಈ ದೇಹಸ್ಥಿತಿಯಲ್ಲಿ ಹಾಡಲು ಆಗುತ್ತದಾ ಅಂತ ಅವರಿಗೆ ಅಳುಕಿತ್ತು. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಕುಡಿದು ಒಳಗೆ ಹೋಗಿ ಹಾಡಿ ಮುಗಿಸಿದರು ಅಂತ ಬ್ರಿಯಾನ್ ಅವರೇ ಹೇಳಿಕೊಂಡಿದ್ದಾರೆ. 1991ರ ಮೇ ತಿಂಗಳಲ್ಲಿ ಮದರ್ ಲವ್ ಹಾಡನ್ನು ಹಿಡಿಯುತ್ತಿದ್ದಾಗ ಕೊನೆಯ ಚರಣ ಆಗಲಿಲ್ಲ. ಆಮೇಲೆ ಬಂದು ಹಾಡುತ್ತೇನೆ ಅಂದರು. ಬರಲಿಲ್ಲ. ಆ ಚರಣವನ್ನು ಬ್ರಿಯಾನ್ ಹಾಡಿದ್ದಾರೆ.

ನವೆಂಬರ್ 23ರಂದು ತಮಗೆ ಏಡ್ಸ್ ಇದೆ ಅಂತ ಹೇಳಿಕೆ ಕೊಟ್ಟರು. ಮರುದಿನ ಸಂಜೆ ತೀರಿಕೊಂಡರು. ನಲವತ್ತೈದು ವರ್ಷ. ಅಂತ್ಯಕ್ರಿಯೆ ಪಾರ್ಸಿ ಪದ್ಧತಿಯ ಪ್ರಾರ್ಥನೆಯೊಂದಿಗೆ ನಡೆಯಿತು. ಮೊದಲೇ ಹೇಳಿದ್ದರೆ ಆ ರೋಗದವರಿಗೆ ಬಲ ಬರುತ್ತಿತ್ತು ಅಂತ ಕೆಲವರು ದೂರಿದರು. ಬರುತ್ತಿತ್ತು, ನಿಜ. ಆದರೆ ಆ ಕಾಲದ ಪತ್ರಿಕೆಗಳು ರೋಗಿಗಳ ಬಗ್ಗೆ, ಸಲಿಂಗಿಗಳ ಬಗ್ಗೆ ಎಷ್ಟು ಕ್ರೂರವಾಗಿ ಬರೆಯುತ್ತಿದ್ದವು ಅಂತ ಓದಿದವರು ಅವರನ್ನು ದೂರುವುದಿಲ್ಲ. ಕೊನೆಯವರೆಗೂ ನೋಡಿಕೊಂಡವರು ಸಂಗಾತಿ ಜಿಮ್ ಹಟನ್ ಮತ್ತು ಹಳೇ ಗೆಳತಿ ಮೇರಿ ಆಸ್ಟಿನ್. ಬೊಹೀಮಿಯನ್ ರಾಪ್ಸಡಿ ಮತ್ತೆ ಬಿಡುಗಡೆಯಾಗಿ ಮತ್ತೆ ಮೊದಲ ಸ್ಥಾನಕ್ಕೆ ಹೋಯಿತು. ಬಂದ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಏಡ್ಸ್ ರೋಗಿಗಳಿಗಾಗಿ ದುಡಿಯುವ ಸಂಸ್ಥೆಗೆ ಹೋಯಿತು. 1992ರ ಏಪ್ರಿಲ್ 20ರಂದು ಉಳಿದ ಮೂವರು ವೆಂಬ್ಲಿಯಲ್ಲೇ ಅವರ ನೆನಪಿಗೆ ಕಾರ್ಯಕ್ರಮ ಮಾಡಿದರು. ಫ್ರೆಡ್ಡಿಯ ಹಾಡುಗಳನ್ನು ಹಾಡಲು ಜಾರ್ಜ್ ಮೈಕಲ್, ಎಲ್ಟನ್ ಜಾನ್, ಡೇವಿಡ್ ಬೋವಿ ಎಲ್ಲ ಬರಬೇಕಾಯಿತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: ಇಷ್ಟೆಲ್ಲ ಇಲ್ಲಿ ಕಲಿತು, ತಾನು ಭಾರತದವನು ಅಂತ ಯಾಕೆ ಹೇಳಿಕೊಳ್ಳಲಿಲ್ಲ? ಅವರು ತಮ್ಮ ಮನೆತನದ ಬಗ್ಗೆ ಮಾತಾಡಿದ್ದು ಕಡಿಮೆ. ಬಂದು ಇಲ್ಲಿ ಹಾಡಲೂ ಇಲ್ಲ. ಅರವತ್ತು ಎಪ್ಪತ್ತರ ದಶಕದ ಇಂಗ್ಲೆಂಡಿನಲ್ಲಿ ಕಂದು ಬಣ್ಣದವರ ಮೇಲೆ ಸಿಟ್ಟು ಇತ್ತು, ರಾಕ್ ಲೋಕದಲ್ಲಿ ಅವರಂಥ ಮುಖ ಇನ್ನೊಂದು ಇರಲಿಲ್ಲ. ಅವರನ್ನು ನಮ್ಮವರು ಅಂತ ಎಳೆದುಕೊಳ್ಳುವ ಅವಸರ ನನಗಿಲ್ಲ. ಆದರೆ ಆ ಬೆರಳುಗಳಿಗೆ ಪಿಯಾನೋ ಕಲಿಸಿದ್ದು ಪಂಚಗನಿ. ಅದು ದಾಖಲಾದ ವಿಷಯ, ಸಂತೋಷದ ವಿಷಯ.

ಹೊಸನಗರದ ಕಡೆಯ ಹುಡುಗಿಯೊಬ್ಬಳು ಕೇಳಿದಳು: ಎಲ್ಲಿಂದ ಕೇಳಲು ಶುರು ಮಾಡಬೇಕು ಸಾರ್?

1976ರ ಸಮ್‌ಬಡಿ ಟು ಲವ್‌ನಿಂದ ಶುರು ಮಾಡಮ್ಮ. ಚರ್ಚಿನ ದೊಡ್ಡ ಕಾಯಿರ್ ಹಾಡಿದ ಹಾಗೆ ಕೇಳುತ್ತದೆ. ಅದರಲ್ಲಿರುವುದು ಅದೇ ಮೂರು ಗಂಟಲು. ಇಯರ್‌ಫೋನ್ ಹಾಕಿಕೊಂಡು ಮೂರು ದನಿಯನ್ನೂ ಬಿಡಿಸಿ ಕೇಳಲು ನೋಡು. ಆಮೇಲೆ ಲೈವ್ ಏಡ್‌ನ 21 ನಿಮಿಷವನ್ನು ನಡುವೆ ನಿಲ್ಲಿಸದೆ ನೋಡು. ಎರಡನೇ ಸಲ ನೋಡುವಾಗ ಫ್ರೆಡ್ಡಿಯ ಮೇಲೆ ಕಣ್ಣಿಡಬೇಡ. ಬೇಸ್ ಗಿಟಾರ್ ಹಿಡಿದು ಡ್ರಮ್ಸ್ ಪಕ್ಕದಲ್ಲಿ ನಿಂತ ಜಾನ್ ಡೀಕನ್ ಅವರನ್ನೇ ನೋಡು, ಡ್ರಮ್ಸ್‌ನ ಪೆಡಲ್ ತುಳಿಯುವ ರೋಜರ್ ಅವರ ಕಾಲಿಗೆ ಜಾನ್ ಅವರ ಬೆರಳು ಹೇಗೆ ಕೂಡುತ್ತದೆ ಅಂತ.